ಹೈಸ್ಕೂಲ್ ಮುಗಿಸೋಕೆ ಫ್ಯಾಫ್ಸಾ ಬೇಕೇ ಬೇಕಾ? ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗ ಅಥವಾ ಮಗಳು 12ನೇ ಗ್ರೇಡ್‌ಗೆ ಕಾಲಿಟ್ಟ ಕೂಡಲೇ ಶಾಲೆಯ ಕೌನ್ಸಿಲರ್‌ನಿಂದ ಇಮೇಲ್ ಶುರುವಾಗುತ್ತದೆ: ಫ್ಯಾಫ್ಸಾ ತುಂಬಿ, ಇಲ್ಲವೇ ಬೇಡ ಅಂತ ಬರೆದು ಸಹಿ ಮಾಡಿ ಕಳಿಸಿ. ನಮ್ಮಲ್ಲಿ ಬಹಳ ಜನ ಎರಡನೆಯದನ್ನೇ ಮಾಡುತ್ತಾರೆ. "ನಮಗೇನು ಸಿಗುತ್ತೆ, ಸುಮ್ನೆ ತಲೆನೋವು" ಅನ್ನೋದು ಸಾಮಾನ್ಯ ಮಾತು. ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ. ನಾನು ವಕೀಲ ಅಲ್ಲ, ತೆರಿಗೆ ಸಲಹೆಗಾರನೂ ಅಲ್ಲ. ಇದೇ ಗೊಂದಲದಲ್ಲಿದ್ದ ಸ್ನೇಹಿತರ ಮನೆಗಳಲ್ಲಿ ಕೂತು ಅರ್ಜಿ ತುಂಬಿಸಿದ ಅನುಭವದಿಂದ ಬರೆದಿದ್ದೇನೆ, ಅಷ್ಟೇ.

ಫ್ಯಾಫ್ಸಾ ಅಂದರೆ ಏನು?

ಫ್ರೀ ಅಪ್ಲಿಕೇಶನ್ ಫಾರ್ ಫೆಡರಲ್ ಸ್ಟೂಡೆಂಟ್ ಏಡ್. ಕಾಲೇಜು ಓದಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಹಣಕ್ಕೆ ಹಾಕುವ ಉಚಿತ ಅರ್ಜಿ. ಈ ಒಂದೇ ಅರ್ಜಿಯಿಂದ ಮೂರು ಬಾಗಿಲು ತೆರೆಯಬಹುದು. ಒಂದು, ವಾಪಸ್ ಕೊಡಬೇಕಿಲ್ಲದ ಪೆಲ್ ಗ್ರಾಂಟ್. ಇದು 2026–27ಕ್ಕೆ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ಎರಡು, ಕ್ಯಾಂಪಸ್‌ನಲ್ಲಿ ಕೆಲಸ ಮಾಡಿ ದುಡಿಯುವ ವರ್ಕ್-ಸ್ಟಡಿ. ಮೂರು, ಸರ್ಕಾರಿ ಸಾಲ. ಇವಲ್ಲದೆ ಎಷ್ಟೋ ರಾಜ್ಯಗಳು, ಕಾಲೇಜುಗಳು ತಮ್ಮ ಸ್ವಂತ ಹಣ ಹಂಚುವುದಕ್ಕೂ ಇದೇ ಅರ್ಜಿಯನ್ನು ನೋಡುತ್ತವೆ.

ಅರ್ಜಿ ತುಂಬಿದ ಮೇಲೆ ಸ್ಟೂಡೆಂಟ್ ಏಡ್ ಇಂಡೆಕ್ಸ್ ಅನ್ನೋ ಒಂದು ಸಂಖ್ಯೆ ಬರುತ್ತದೆ. ಅದು ಕಡಿಮೆ ಇದ್ದಷ್ಟೂ ಸಹಾಯ ಜಾಸ್ತಿ. ಸೊನ್ನೆಗಿಂತ ಕೆಳಗೆ, ಮೈನಸ್ 1,500ರವರೆಗೂ ಹೋಗುತ್ತದೆ.

ಊರಲ್ಲಿ ಸ್ಕಾಲರ್‌ಶಿಪ್‌ಗೆ ನಾಡಕಚೇರಿಗೆ ಅಲೆದು ಆದಾಯ ಪ್ರಮಾಣಪತ್ರ ತಂದು ಆರ್‌ಡಿ ನಂಬರ್ ಹಾಕಿದ ನೆನಪು ಇರುವವರಿಗೆ ಇದು ಸುಲಭ ಅನ್ನಿಸುತ್ತದೆ. ಇಲ್ಲಿ ನೀವು ಒಪ್ಪಿಗೆ ಕೊಟ್ಟರೆ ಸಾಕು, ನಿಮ್ಮ ಆದಾಯದ ವಿವರ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ನೇರವಾಗಿ ಬಂದು ಕೂರುತ್ತದೆ.

ಇದು ಎಲ್ಲ ರಾಜ್ಯಗಳಲ್ಲೂ ಕಡ್ಡಾಯವಾ?

ಇಲ್ಲ. ಕೇಂದ್ರ ಸರ್ಕಾರದ ಕಡೆಯಿಂದ ಯಾವ ಕಡ್ಡಾಯವೂ ಇಲ್ಲ. ಹೈಸ್ಕೂಲ್ ಮುಗಿಸುವ ಮಕ್ಕಳು ಫ್ಯಾಫ್ಸಾ ತುಂಬಬೇಕು ಅನ್ನೋದು ರಾಜ್ಯಗಳು ಒಂದೊಂದಾಗಿ ತಂದ ನಿಯಮ. ಮೊದಲು ತಂದದ್ದು ಲೂಯಿಸಿಯಾನ, 2018ರಲ್ಲಿ ಹೈಸ್ಕೂಲ್ ಮುಗಿಸಿದ ಬ್ಯಾಚ್‌ಗೆ. ಆಮೇಲೆ ಇಲಿನಾಯ್ 2020–21ರಿಂದ, ಟೆಕ್ಸಸ್ ಮತ್ತು ಅಲಬಾಮ 2021–22ರಿಂದ, ಕ್ಯಾಲಿಫೋರ್ನಿಯ 2022–23ರಿಂದ ಶುರು ಮಾಡಿದವು. ಇಂಡಿಯಾನ, ನ್ಯೂ ಜೆರ್ಸಿ, ನ್ಯೂ ಯಾರ್ಕ್, ನೆಬ್ರಾಸ್ಕ ಕೂಡ ಸೇರಿಕೊಂಡವು.

ತಮಾಷೆ ಅಂದರೆ, ಮೊದಲು ತಂದ ಲೂಯಿಸಿಯಾನವೇ 2024ರ ಮಾರ್ಚ್‌ನಲ್ಲಿ ಇದನ್ನು ಕೈಬಿಡುವ ತೀರ್ಮಾನ ಮಾಡಿತು. ಮನೆಯ ಹಣಕಾಸಿನ ವಿವರ ಕೊಡೋದಕ್ಕೂ ಹೈಸ್ಕೂಲ್ ಮುಗಿಸೋದಕ್ಕೂ ಯಾಕೆ ಗಂಟು ಹಾಕಬೇಕು ಅನ್ನೋದು ಅಲ್ಲಿಯವರ ವಾದ. ನಿಯಮಗಳು ಹೀಗೆ ಬರುತ್ತಾ ಹೋಗುತ್ತಾ ಇರುವುದರಿಂದ ಈ ವರ್ಷ ನಿಮ್ಮ ಶಾಲೆಯಲ್ಲಿ ಏನಿದೆ ಅಂತ ಕೌನ್ಸಿಲರ್‌ನನ್ನೇ ಕೇಳಿ. ಹೋದ ವರ್ಷ ಮಗನನ್ನು ಕಾಲೇಜಿಗೆ ಕಳಿಸಿದ ಪಕ್ಕದ ಮನೆಯವರ ಮಾತು ಈ ವರ್ಷಕ್ಕೆ ಹೊಂದದೇ ಇರಬಹುದು.

ತುಂಬದಿದ್ದರೆ ಮಗಳಿಗೆ ಹೈಸ್ಕೂಲ್ ಡಿಪ್ಲೊಮಾ (ಪಾಸಾದ ಪತ್ರ) ಕೊಡಲ್ವಾ?

ಕೊಡುತ್ತಾರೆ. ಹೆಸರಿಗೆ ಕಡ್ಡಾಯ ಆದರೂ ಹೊರಗುಳಿಯೋಕೆ ದಾರಿ ಇಟ್ಟೇ ಇಟ್ಟಿದ್ದಾರೆ. ಟೆಕ್ಸಸ್‌ನಲ್ಲಿ ಅಪ್ಪ ಅಥವಾ ಅಮ್ಮ ಒಂದು ಆಪ್ಟ್-ಔಟ್ (ನಮಗೆ ಬೇಡ ಅನ್ನೋ) ಫಾರ್ಮ್‌ಗೆ ಸಹಿ ಮಾಡಿದರೆ ಮುಗಿಯಿತು. ಮಗುವಿಗೆ 18 ಆಗಿದ್ದರೆ ಅವರೇ ಮಾಡಬಹುದು. ಇಲಿನಾಯ್‌ನಲ್ಲಿ ಅದನ್ನು ನಾನ್-ಪಾರ್ಟಿಸಿಪೇಶನ್ ಫಾರ್ಮ್ ಅಂತಾರೆ, ಇಂಡಿಯಾನ ಮತ್ತು ನ್ಯೂ ಯಾರ್ಕ್‌ನಲ್ಲಿ ವೇವರ್ ಅಂತಾರೆ. ಕ್ಯಾಲಿಫೋರ್ನಿಯದಲ್ಲಂತೂ ಅರ್ಜಿ ತುಂಬಿಸುವ ಹೊಣೆ ಸ್ಕೂಲ್ ಡಿಸ್ಟ್ರಿಕ್ಟ್‌ನದು. ಮಗು ಪಾಸಾಗುವುದಕ್ಕೆ ಅದರಿಂದ ಅಡ್ಡಿ ಇಲ್ಲ.

ಇನ್ನೊಂದು ಮಾತು. ಅರ್ಜಿ ತುಂಬಿದರೆ ಸಾಲ ತೊಗೊಳ್ಳಲೇಬೇಕು ಅಂತ ಏನೂ ಇಲ್ಲ. ಕಾಲೇಜು ಏನು ಕೊಡುತ್ತದೋ ನೋಡಿ, ಬೇಕಾದ್ದನ್ನು ಮಾತ್ರ ಒಪ್ಪಿಕೊಂಡು ಬೇಡದ್ದನ್ನು ಬಿಡಬಹುದು.

ರಾಜ್ಯಗಳಿಗೆ ಇದರ ಉಸಾಬರಿ ಯಾಕೆ?

ಸಿಗಬೇಕಾದ ಹಣ ಸಿಗದೇ ಹೋಗುತ್ತಿದೆ, ಅದಕ್ಕೆ. ನ್ಯಾಷನಲ್ ಕಾಲೇಜ್ ಅಟೇನ್‌ಮೆಂಟ್ ನೆಟ್‌ವರ್ಕ್ ಅನ್ನೋ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳು ಅರ್ಜಿ ಹಾಕದೇ ಬಿಟ್ಟಿದ್ದರಿಂದ ಕೈತಪ್ಪಿದ ಪೆಲ್ ಗ್ರಾಂಟ್ ಸುಮಾರು 375 ಕೋಟಿ ಡಾಲರ್. ಹಾಗೆ ಬಿಟ್ಟವರಲ್ಲಿ ಬಡ ಮನೆಯ ಮಕ್ಕಳೂ ಬಹಳ. ಕಾಲೇಜು ತಮ್ಮ ಕೈಗೆಟುಕಲ್ಲ ಅಂದುಕೊಂಡು ಕೇಳೋದೇ ಇಲ್ಲ.

ಕಡ್ಡಾಯ ಮಾಡಿದ್ದರಿಂದ ಉಪಯೋಗ ಆಯ್ತಾ?

ಅರ್ಜಿ ಹಾಕುವವರ ಸಂಖ್ಯೆ ಲೂಯಿಸಿಯಾನದಲ್ಲಿ ಮೊದಲ ವರ್ಷವೇ ಎದ್ದು ಕಾಣುವಷ್ಟು ಏರಿತು. ಆದರೆ ಅರ್ಜಿ ಹಾಕಿದ್ದೇ ಬೇರೆ, ಕಾಲೇಜು ಸೇರಿದ್ದೇ ಬೇರೆ. ಎರಡನೆಯದರಲ್ಲಿ ಅಷ್ಟು ದೊಡ್ಡ ಬದಲಾವಣೆ ಕಾಣುವುದಿಲ್ಲ.

ನನಗೆ ಇದರ ಬಗ್ಗೆ ಒಂದು ಅಭಿಪ್ರಾಯ ಇದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೆರಿಗೆ ಲೆಕ್ಕ ಮಾಡಿಸಲು ಎಚ್ ಅಂಡ್ ಆರ್ ಬ್ಲಾಕ್ ಕಚೇರಿಗೆ ಬಂದ ಕಡಿಮೆ ಆದಾಯದ ಕುಟುಂಬಗಳನ್ನು ಅಲ್ಲೇ ಕೂರಿಸಿಕೊಂಡು ಫ್ಯಾಫ್ಸಾ ತುಂಬಿಸಿದರು. ಆ ಮನೆಗಳ ಹೈಸ್ಕೂಲ್ ಮಕ್ಕಳು ಕಾಲೇಜು ಸೇರುವ ಪ್ರಮಾಣ ಸುಮಾರು 8 ಶೇಕಡಾ ಅಂಶ ಜಾಸ್ತಿ ಆಯಿತು. ಇನ್ನೊಂದು ಗುಂಪಿಗೆ ಎಷ್ಟು ಸಹಾಯ ಸಿಗಬಹುದು ಅನ್ನೋ ಮಾಹಿತಿ ಮಾತ್ರ ಕೊಟ್ಟು ಕಳಿಸಿದರು. ಅವರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಅಂದರೆ ಪಕ್ಕದಲ್ಲಿ ಕೂತು ತುಂಬಿಸುವವರು ಬೇಕು. ನಿಯಮ ತಂದು, ನೂರಾರು ಮಕ್ಕಳಿಗೆ ಒಬ್ಬ ಕೌನ್ಸಿಲರ್ ಇಟ್ಟು, ವಾರಕ್ಕೊಂದು ರಿಮೈಂಡರ್ ಇಮೇಲ್ ಕಳಿಸಿದರೆ ಸಹಿ ಮಾಡಿದ ಆಪ್ಟ್-ಔಟ್ ಫಾರ್ಮ್‌ಗಳ ರಾಶಿ ಬೀಳುತ್ತದೆ, ಅಷ್ಟೇ. ಸಹಾಯ ಬೇಕಾದವರು ಆ ರಾಶಿಯಲ್ಲೇ ಇರುತ್ತಾರೆ.

ಅದರ ಮೇಲೆ 2024–25ರ ಅರ್ಜಿಯ ಅವಾಂತರ. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುವ ಅರ್ಜಿ ಆ ವರ್ಷ ತೆರೆದದ್ದು 2023ರ ಡಿಸೆಂಬರ್ ಕೊನೆಗೆ. ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಇಲ್ಲದ ಅಪ್ಪ-ಅಮ್ಮಂದಿರಿಗೆ ತಿಂಗಳುಗಟ್ಟಲೆ ಮುಂದೆ ಹೋಗೋಕೇ ಆಗಲಿಲ್ಲ. ಕಾಲೇಜುಗಳಿಗೆ ವಿವರ ಸಿಗಲು ಶುರುವಾದದ್ದೇ ಮಾರ್ಚ್‌ನಲ್ಲಿ. ಆ ವರ್ಷ ಮಕ್ಕಳನ್ನು ಕಳಿಸಿದವರ ಬಾಯಲ್ಲಿ ಫ್ಯಾಫ್ಸಾ ಅಂದರೆ ಬೈಗುಳವೇ. ಈಗ ಹಾಗಿಲ್ಲ. 2026–27ರ ಅರ್ಜಿ 2025ರ ಸೆಪ್ಟೆಂಬರ್‌ನಲ್ಲೇ ತೆರೆಯಿತು. ಪ್ರಶ್ನೆಗಳೂ ನೂರರ ಮೇಲಿದ್ದದ್ದು ಐವತ್ತರೊಳಗೆ ಬಂದಿವೆ.

ನಾವಿಬ್ಬರೂ ಎಚ್-1ಬಿ. ಮಗ ಇಲ್ಲೇ ಹುಟ್ಟಿದ್ದು. ನಮಗೆ ಅರ್ಹತೆ ಇದೆಯಾ?

ಕನ್ನಡದವರ ಮನೆಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವ ಜಾಗ ಇದು. ನೋಡೋದು ಮಗನ ಪೌರತ್ವವನ್ನು. ನಿಮ್ಮ ವೀಸಾ ಯಾವುದಾದರೂ ಆಗಿರಲಿ. ಅವನು ಅಮೆರಿಕದ ಪ್ರಜೆ ಆಗಿದ್ದರೆ ಅರ್ಜಿ ಹಾಕಬಹುದು, ಗ್ರಾಂಟು, ಸಾಲ ಎರಡಕ್ಕೂ ಅವನನ್ನು ಪರಿಗಣಿಸುತ್ತಾರೆ. ಅಪ್ಪ-ಅಮ್ಮ ಎಚ್-1ಬಿನಾ, ಗ್ರೀನ್ ಕಾರ್ಡಾ ಅನ್ನೋ ಪ್ರಶ್ನೆಯನ್ನು ಅರ್ಜಿ ಕೇಳುವುದೇ ಇಲ್ಲ.

"ನಮ್ಮದು ಇನ್ನೂ ಐ-140 (ಗ್ರೀನ್ ಕಾರ್ಡ್ ದಾರಿಯ ಒಂದು ಅರ್ಜಿ) ಹಂತ, ಅದಕ್ಕೇ ಆಪ್ಟ್-ಔಟ್‌ಗೆ ಸಹಿ ಮಾಡಿಬಿಟ್ವಿ" ಅಂತ ಯುಗಾದಿ ಊಟದ ಸಾಲಿನಲ್ಲಿ ಎಷ್ಟೋ ಜನ ಹೇಳೋದು ಕೇಳಿದ್ದೇನೆ. ಗ್ರೀನ್ ಕಾರ್ಡ್ ಸರದಿಯ ಪ್ರಯಾರಿಟಿ ಡೇಟ್‌ಗೆ ಹದಿನೈದು ವರ್ಷ ಕಾದು ಕಾದು ಎಲ್ಲ ಕಾಗದವೂ ನಮಗಲ್ಲ ಅನ್ನೋ ಅಭ್ಯಾಸ ಆಗಿಬಿಟ್ಟಿರುತ್ತದೆ. ಈ ಕಾಗದ ನಿಮ್ಮ ಮಗನದು.

ಒಂದು ಮಿತಿ ಮಾತ್ರ ಇದೆ. ಅಪ್ಪ-ಅಮ್ಮನ ಹೆಸರಲ್ಲಿ ಕೊಡುವ ಪೇರೆಂಟ್ ಪ್ಲಸ್ ಸಾಲ ಎಚ್-1ಬಿಯವರಿಗೆ ಸಿಗಲ್ಲ. ಅದಕ್ಕೆ ನೀವೇ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು ಆಗಿರಬೇಕು.

ಮಗಳು ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ). ಅವಳು ಏನು ಮಾಡಬೇಕು?

ಎಚ್-4 ಮಕ್ಕಳಿಗೆ ಕೇಂದ್ರದ ಸಹಾಯಧನ ಇಲ್ಲ, ಹಾಗಾಗಿ ಫ್ಯಾಫ್ಸಾ ಅವಳಿಗಲ್ಲ. ಶಾಲೆ ಕೇಳಿದರೆ ಆಪ್ಟ್-ಔಟ್ ಅಥವಾ ವೇವರ್ ಕೊಟ್ಟುಬಿಡಿ. ವೀಸಾ ವಿವರವನ್ನು ಶಾಲೆಗೆ ಬಿಡಿಸಿ ಹೇಳುವ ಅಗತ್ಯ ಇಲ್ಲ.

ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿ: ರಾಜ್ಯದ್ದೇ ಬೇರೆ ಅರ್ಜಿ ಇದೆಯಾ, ಅದು ಎಚ್-4ಗೆ ಅನ್ವಯ ಆಗುತ್ತಾ? ಟೆಕ್ಸಸ್‌ನಲ್ಲಿ ಟ್ಯಾಸ್ಫಾ ಅಂತ ಇದೆ, ಇಲಿನಾಯ್‌ನಲ್ಲಿ ಆಲ್ಟರ್ನೇಟಿವ್ ಅಪ್ಲಿಕೇಶನ್ ಇದೆ, ಕ್ಯಾಲಿಫೋರ್ನಿಯದಲ್ಲಿ ಡ್ರೀಮ್ ಆಕ್ಟ್ ಅರ್ಜಿ ಇದೆ. ಯಾರಿಗೆ ಅರ್ಹತೆ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೈಸ್ಕೂಲ್ ಕೌನ್ಸಿಲರ್‌ಗಳಿಗೆ ಎಚ್-4 ಅಂದರೆ ಏನು ಅಂತಲೇ ಗೊತ್ತಿರೋದು ಕಷ್ಟ. ಹಾಗಾಗಿ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೇ ಬರೆದು ಕೇಳೋದು ವಾಸಿ. ಉತ್ತರ ಇಮೇಲ್‌ನಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ.

ಖಾಸಗಿ ಕಾಲೇಜುಗಳ ಸ್ವಂತ ಹಣಕ್ಕೆ ವೀಸಾ ಅಡ್ಡಿ ಬರಲೇಬೇಕು ಅಂತಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್ ವಿದೇಶಿ ಮಕ್ಕಳಿಗೂ ದುಡ್ಡಿನ ಲೆಕ್ಕ ನೋಡದೆ ಸೀಟು ಕೊಟ್ಟು, ಕೊರತೆ ಬಿದ್ದಷ್ಟನ್ನು ತುಂಬಿಕೊಡುತ್ತವೆ. ಅಲ್ಲಿ ಸೀಟು ಸಿಗಬೇಕಲ್ಲ, ಅದು ಬೇರೆ ಮಾತು.

ಕಾಲೇಜಿನ ಮಧ್ಯದಲ್ಲಿ ಗ್ರೀನ್ ಕಾರ್ಡ್ ಬಂದರೆ?

ಆಗ ಹಾಕಬಹುದು. ಗ್ರೀನ್ ಕಾರ್ಡ್ ಇರುವವರಿಗೂ ಪ್ರಜೆಗಳಷ್ಟೇ ಅರ್ಹತೆ. ಆಯಾ ವರ್ಷದ ಅರ್ಜಿ ಆ ವರ್ಷ ಮುಗಿಯುವ ಜೂನ್ 30ರವರೆಗೂ ತೆರೆದಿರುತ್ತದೆ. ಅಂದರೆ 2026–27ರದ್ದನ್ನು 2027ರ ಜೂನ್ 30ರ ತನಕ ಹಾಕಬಹುದು. ಕಾರ್ಡ್ ಕೈಗೆ ಬಂದ ವಾರವೇ ಕಾಲೇಜಿಗೆ ತಿಳಿಸಿ. ಆದರೆ ಮಗಳಿಗೆ 21 ತುಂಬಿ ಎಚ್-4 ಹೋಗಿ ಎಫ್-1 (ವಿದ್ಯಾರ್ಥಿ ವೀಸಾ) ಆಗಿದ್ದರೆ ಆಗಲೂ ಕೇಂದ್ರದ ಹಣ ಇಲ್ಲ.

ಇಬ್ಬರೂ ಸಾಫ್ಟ್‌ವೇರ್. ನಮಗೆ ಒಂದು ಪೈಸೆಯೂ ಸಿಗಲ್ಲ ಅಲ್ವಾ? ಮತ್ಯಾಕೆ ಹಾಕಬೇಕು?

ಪೆಲ್ ಗ್ರಾಂಟ್ ಬಹುಶಃ ಸಿಗಲ್ಲ, ಅದನ್ನು ಒಪ್ಪೋಣ. ಆದರೂ ಹಾಕಿ ಅಂತ ನಾನು ಹೇಳೋದಕ್ಕೆ ಕಾರಣ ಇದೆ.

ಮೊದಲನೆಯದು ಮಗುವಿನ ಹೆಸರಿನ ಸರ್ಕಾರಿ ಸಾಲ. ಮೊದಲ ವರ್ಷ 5,500 ಡಾಲರ್‌ವರೆಗೆ ಸಿಗುತ್ತದೆ. ಮನೆಯ ಆದಾಯ ಎಷ್ಟೇ ಇದ್ದರೂ ಬಡ್ಡಿ ಸಬ್ಸಿಡಿ ಇಲ್ಲದ ಸಾಲಕ್ಕೆ ಅರ್ಹತೆ ಇದೆ. ಅಪ್ಪ-ಅಮ್ಮ ಜಾಮೀನು ಹಾಕಬೇಕಿಲ್ಲ. ಖಾಸಗಿ ಬ್ಯಾಂಕಿನ ಸಾಲಕ್ಕಿಂತ ಇದರ ಷರತ್ತು ಮೆದು.

ಎರಡನೆಯದು ಕಾಲೇಜಿನ ಸ್ವಂತ ಹಣ. ಇಲ್ಲಿ ನಮ್ಮವರ ಲೆಕ್ಕ ತಪ್ಪುತ್ತದೆ. 2025ರಿಂದ ಹಾರ್ವರ್ಡ್ ಮತ್ತು ಎಂಐಟಿಗಳಲ್ಲಿ, ಸಾಮಾನ್ಯ ಮಟ್ಟದ ಆಸ್ತಿ ಇದ್ದು ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯ ಇರುವ ಕುಟುಂಬಗಳಿಗೆ ಟ್ಯೂಷನ್ ಇಲ್ಲ. ಪ್ರಿನ್ಸ್‌ಟನ್‌ನಲ್ಲಿ 2.5 ಲಕ್ಷದವರೆಗಿನ ಬಹುತೇಕ ಕುಟುಂಬಗಳಿಗೆ ಟ್ಯೂಷನ್ ಇಲ್ಲ. ಒಬ್ಬರ ಸಂಬಳದ ಮನೆ ಈ ಗೆರೆಯೊಳಗೆ ಸುಲಭವಾಗಿ ಬರುತ್ತದೆ. "ಶ್ರೀಮಂತರ ಕಾಲೇಜು, ನಮಗೆ ಆಗಲ್ಲ" ಅಂತ ಬಿಟ್ಟು ಸ್ಟೇಟ್ ಯೂನಿವರ್ಸಿಟಿಗೆ ಪೂರ್ತಿ ಫೀಸು ಕಟ್ಟುವವರು ಇದ್ದಾರೆ.

ಮೂರನೆಯದು ಕೆಲಸ ಹೋಗುವ ಭಯ. 2022–23ರ ಲೇಆಫ್ ನೆನಪಿದೆಯಲ್ಲ? ಫ್ಯಾಫ್ಸಾ ನೋಡೋದು ಎರಡು ವರ್ಷ ಹಿಂದಿನ ಆದಾಯ. 2026–27ಕ್ಕೆ 2024ರ ತೆರಿಗೆ ಲೆಕ್ಕ. ಆಮೇಲೆ ಕೆಲಸ ಹೋಗಿದ್ದರೆ ಕಾಲೇಜಿಗೆ ಹೇಳಿ ಮರುಪರಿಶೀಲನೆ ಕೇಳಬಹುದು. ಕೇಂದ್ರದ ಹಣಕ್ಕೆ ಆ ಮರುಪರಿಶೀಲನೆ ನಡೆಯಬೇಕಾದರೆ ಮೊದಲು ಅರ್ಜಿ ಹಾಕಿರಬೇಕು.

ಹೆಸರು ಹೊಂದುತ್ತಿಲ್ಲ ಅಂತ ಬರುತ್ತಿದೆ. ಏನು ಮಾಡೋದು?

ಇದು ನಮ್ಮವರ ಖಾಸ್ ತೊಂದರೆ. ಫ್ಯಾಫ್ಸಾಗೆ ಮಗುವೂ ಅಪ್ಪ ಅಥವಾ ಅಮ್ಮನೂ ಸ್ಟೂಡೆಂಟ್‌ಏಡ್ ಡಾಟ್ ಗವ್ ತಾಣದಲ್ಲಿ ಬೇರೆ ಬೇರೆ ಖಾತೆ ತೆರೆಯಬೇಕು. ಹೆಸರು, ಹುಟ್ಟಿದ ದಿನ, ಎಸ್‌ಎಸ್‌ಎನ್ ಮೂರೂ ಸೋಶಿಯಲ್ ಸೆಕ್ಯುರಿಟಿ ದಾಖಲೆಗೆ ತಾಳೆ ಆಗಬೇಕು.

ಈಗ ನಮ್ಮ ಹೆಸರುಗಳನ್ನು ನೋಡಿ. ಊರಲ್ಲಿ ಎಚ್. ಆರ್. ಮಂಜುನಾಥ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಹೊಸಹಳ್ಳಿ ರಂಗಪ್ಪ ಮಂಜುನಾಥ. ಅದರಲ್ಲಿ ಸರ್‌ನೇಮ್ ಜಾಗದಲ್ಲಿ ಕೂತದ್ದು ಹೊಸಹಳ್ಳಿ. ಆಫೀಸಿನಲ್ಲಿ ಮಂಜು ಹೊಸಹಳ್ಳಿ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಜಾಗ ಸಾಲದೆ ರಂಗಪ್ಪ ಅರ್ಧಕ್ಕೆ ತುಂಡಾಗಿದ್ದಾರೆ. ಮಗಳ ಲಾಸ್ಟ್ ನೇಮ್ ಮಂಜುನಾಥ, ಅಪ್ಪನ ಲಾಸ್ಟ್ ನೇಮ್ ಹೊಸಹಳ್ಳಿ, ಅಮ್ಮನದು ಅವಳ ತಂದೆಯ ಹೆಸರು. ಮೂವರಿಗೂ ಒಂದೇ ಸರ್‌ನೇಮ್ ಇರಬೇಕೇನೋ ಅಂತ ಗಾಬರಿಯಾಗಿ ಬದಲಾಯಿಸೋಕೆ ಹೋಗಬೇಡಿ. ಬೇರೆ ಬೇರೆ ಇದ್ದರೆ ಏನೂ ತೊಂದರೆ ಇಲ್ಲ.

ಮಾಡಬೇಕಾದ್ದು ಇಷ್ಟೇ. ಬೀರುವಿನಲ್ಲಿರುವ ಎಸ್‌ಎಸ್‌ಎನ್ ಕಾರ್ಡ್ ತೆಗೆದು ಎದುರಿಗೆ ಇಟ್ಟುಕೊಳ್ಳಿ. ಅದರಲ್ಲಿ ಹೇಗಿದೆಯೋ ಹಾಗೆ, ಅಕ್ಷರಕ್ಕೆ ಅಕ್ಷರ, ಟೈಪ್ ಮಾಡಿ. ಕಾರ್ಡ್‌ನಲ್ಲೇ ತಪ್ಪಿದ್ದರೆ ಮೊದಲು ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ಸರಿ ಮಾಡಿಸಿ. ಅದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ಈ ಖಾತೆಗಳನ್ನು ಬೇಸಿಗೆ ರಜೆಯಲ್ಲೇ ತೆರೆದಿಟ್ಟುಕೊಳ್ಳೋದು ಒಳ್ಳೆಯದು. ಮತ್ತೆ, ಮಗುವಿನ ಖಾತೆಗೆ ಶಾಲೆಯ ಇಮೇಲ್ ಕೊಡಬೇಡಿ. ಹೈಸ್ಕೂಲ್ ಮುಗಿದ ಮೇಲೆ ಅದು ಬಂದ್ ಆಗುತ್ತದೆ.

ಹೆಂಡತಿಗೆ ಎಸ್‌ಎಸ್‌ಎನ್ ಇಲ್ಲ, ಐಟಿಐಎನ್ (ಎಸ್‌ಎಸ್‌ಎನ್ ಇಲ್ಲದವರಿಗೆ ಐಆರ್‌ಎಸ್ ಕೊಡುವ ತೆರಿಗೆ ನಂಬರ್) ಮಾತ್ರ.

ಪರವಾಗಿಲ್ಲ. ನೀವಿಬ್ಬರೂ ಒಟ್ಟಿಗೆ ತೆರಿಗೆ ಸಲ್ಲಿಸುವವರಾದರೆ ಒಬ್ಬರೇ ಖಾತೆ ತೆರೆದು ಸಹಿ ಮಾಡಿದರೆ ಸಾಕು. ಎಸ್‌ಎಸ್‌ಎನ್ ಇರುವವರೇ ಆಗಲಿ, ಕೆಲಸ ಸಲೀಸು. ಬೇರೆ ಬೇರೆ ಸಲ್ಲಿಸಿದ್ದರೆ ಇಬ್ಬರೂ ಬೇಕು. ಎಸ್‌ಎಸ್‌ಎನ್ ಇಲ್ಲದವರೂ ಖಾತೆ ತೆರೆಯಬಹುದು, ಗುರುತು ಪರಿಶೀಲನೆಗೆ ಸ್ವಲ್ಪ ಹೆಚ್ಚು ಸಮಯ ಬೇಕಾಗಬಹುದು. ಎಸ್‌ಎಸ್‌ಎನ್ ಕೇಳುವ ಜಾಗದಲ್ಲಿ ಐಟಿಐಎನ್ ಹಾಕಬಾರದು.

ಬೆಂಗಳೂರಿನ ಸೈಟು, ಊರಿನ ತೋಟ, ಒಡವೆ, ಎಲ್‌ಐಸಿ... ಎಲ್ಲ ತೋರಿಸಬೇಕಾ?

ಎಲ್ಲ ಅಲ್ಲ, ಆದರೆ ಕೆಲವನ್ನು ತೋರಿಸಲೇಬೇಕು. ಆಸ್ತಿ ಯಾವ ದೇಶದಲ್ಲಿದೆ ಅನ್ನೋದು ಮುಖ್ಯ ಅಲ್ಲ. ಅರ್ಜಿಗೆ ಸಹಿ ಮಾಡಿದ ದಿನ ಅದರ ಬೆಲೆ ಎಷ್ಟು, ಅದರ ಮೇಲಿನ ಸಾಲ ಕಳೆದರೆ ಎಷ್ಟು ಉಳಿಯುತ್ತದೆ, ಅದನ್ನು ಡಾಲರ್‌ಗೆ ಪರಿವರ್ತಿಸಿ ಹಾಕಬೇಕು.

ನೀವು ಇಲ್ಲಿ ವಾಸ ಇರುವ ಮನೆ ಲೆಕ್ಕಕ್ಕಿಲ್ಲ. 401ಕೆ, ಐಆರ್‌ಎ ಥರದ ನಿವೃತ್ತಿ ಖಾತೆಗಳೂ ಇಲ್ಲ. ಜೀವವಿಮೆಯ ಮೌಲ್ಯ ಇಲ್ಲ. ಮೈಮೇಲೆ ಹಾಕುವ ಒಡವೆ, ಕಾರು, ಮನೆ ಸಾಮಾನು ಇಲ್ಲ. ಅದೇ ನಿಮ್ಮ ಹೆಸರಲ್ಲಿರುವ ಯಲಹಂಕದ ಸೈಟು, ಬಾಡಿಗೆಗೆ ಕೊಟ್ಟಿರುವ ಅಪಾರ್ಟ್‌ಮೆಂಟು, ಮ್ಯೂಚುವಲ್ ಫಂಡು, ಷೇರು, ಎನ್‌ಆರ್‌ಇ ಎಫ್‌ಡಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ವಿದೇಶಿ ಖಾತೆಗಳ ವಿವರವನ್ನು ಪ್ರತಿ ವರ್ಷ ಎಫ್‌ಬಾರ್‌ನಲ್ಲಿ ಕೊಟ್ಟು ಇಲ್ಲಿ ಮರೆತರೆ ಎರಡು ಸರ್ಕಾರಿ ಕಾಗದದಲ್ಲಿ ಎರಡು ಕಥೆ ಆಗುತ್ತದೆ.

ತೋಟದ ವಿಷಯ ಸ್ವಲ್ಪ ಸೂಕ್ಷ್ಮ. 2026–27ರಿಂದ ಕುಟುಂಬದ ಕೃಷಿ ಜಮೀನಿಗೆ ವಿನಾಯಿತಿ ವಾಪಸ್ ಬಂದಿದೆ. ಆದರೆ ಅದು ಕುಟುಂಬ ವಾಸ ಇರುವ ಜಮೀನಿಗೆ. ನೀವು ನ್ಯೂ ಜೆರ್ಸಿಯ ಎಡಿಸನ್‌ನಲ್ಲಿ, ಅಡಿಕೆ ತೋಟ ತೀರ್ಥಹಳ್ಳಿಯಲ್ಲಿ ಅಂದರೆ ಆ ವಿನಾಯಿತಿ ನೆಚ್ಚಿಕೊಳ್ಳಬೇಡಿ. ತೋಟ ಇನ್ನೂ ಅಪ್ಪನ ಹೆಸರಲ್ಲೇ ಇದ್ದರೆ ಅದು ನಿಮ್ಮ ಆಸ್ತಿ ಅಲ್ಲ, ತೋರಿಸಬೇಕಿಲ್ಲ. ಪಹಣಿಯಲ್ಲಿ ನಿಮ್ಮದೂ ಹೆಸರು ಇದ್ದರೆ ನಿಮ್ಮ ಪಾಲು ಮಾತ್ರ. ಇನ್ನು ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿದ್ದರೆ? ಒಡೆತನವೇ ವಿವಾದದಲ್ಲಿರುವ ಆಸ್ತಿಯನ್ನು ತೋರಿಸಬೇಕಿಲ್ಲ ಅನ್ನೋದು ನಿಯಮ. ಇಪ್ಪತ್ತು ವರ್ಷದ ಸಿವಿಲ್ ಕೇಸಿನಿಂದ ಕೊನೆಗೂ ಒಂದು ಉಪಯೋಗ!

ಆಸ್ತಿ ತೋರಿಸಿದರೆ ಎಲ್ಲ ಹೋಯಿತು ಅಂತ ಹೆದರುವವರಿಗೆ ಒಂದು ಲೆಕ್ಕ. ಅಪ್ಪ-ಅಮ್ಮನ ಆಸ್ತಿಯಲ್ಲಿ ಹೆಚ್ಚೆಂದರೆ 5.64 ಶೇಕಡಾ ಮಾತ್ರ ಸ್ಟೂಡೆಂಟ್ ಏಡ್ ಇಂಡೆಕ್ಸ್‌ಗೆ ಸೇರುತ್ತದೆ. 1 ಲಕ್ಷ ಡಾಲರ್‌ನ ಸೈಟಿಗೆ ಹೆಚ್ಚೆಂದರೆ 5,640. ಮಗುವಿನ ಹೆಸರಲ್ಲಿರುವ ಆಸ್ತಿಯಾದರೆ 20 ಶೇಕಡಾ. ಹಾಗಾಗಿ ಮಗಳ ಹೆಸರಲ್ಲಿ ಎಫ್‌ಡಿ ಮಾಡಿಡುವ ನಮ್ಮ ಪ್ರೀತಿಯ ಅಭ್ಯಾಸ ಇಲ್ಲಿ ದುಬಾರಿ.

ತಾತ ಅಜ್ಜಿ ಕೊಡುವ ದುಡ್ಡು?

ಅವರ ಹೆಸರಿನ 529 ಖಾತೆಯನ್ನು (ಕಾಲೇಜು ಖರ್ಚಿಗೆ ಕೂಡಿಡುವ ಖಾತೆ) ಫ್ಯಾಫ್ಸಾ ಈಗ ಕೇಳುವುದಿಲ್ಲ. ನಿಮ್ಮ ಹೆಸರಿನ 529 ನಿಮ್ಮ ಆಸ್ತಿ.

ನಮ್ಮ ಸಂಬಳ ಶಾಲೆಗೆ ಗೊತ್ತಾಗುತ್ತಾ?

ಇಲ್ಲ. ಅರ್ಜಿ ಸಲ್ಲಿಕೆ ಆಗಿದೆಯಾ, ಪೂರ್ತಿ ಆಗಿದೆಯಾ ಅನ್ನೋದಷ್ಟೇ ಶಾಲೆಗೆ ಹೋಗುತ್ತದೆ. ಟ್ಯಾಕ್ಸ್ ರಿಟರ್ನ್ ಪ್ರತಿಯನ್ನು ಹೈಸ್ಕೂಲಿಗೆ ಕೊಡಬೇಕಿಲ್ಲ. ಕಾಲೇಜು ಕೇಳಬಹುದು. ಕೆಲವು ಅರ್ಜಿಗಳನ್ನು ಪರಿಶೀಲನೆಗೆ ಆರಿಸುತ್ತಾರೆ, ಆಗ ದಾಖಲೆ ಕಳಿಸಬೇಕಾಗುತ್ತದೆ. ಹಾಗೆ ಕೇಳಿದರು ಅಂದರೆ ಅನುಮಾನ ಪಟ್ಟರು ಅಂತಲ್ಲ.

ಗ್ರೀನ್ ಕಾರ್ಡ್ ಕಾಯ್ತಾ ಇದ್ದೀವಿ. ಮಗ ಸರ್ಕಾರದ ಸಹಾಯ ತೊಗೊಂಡರೆ ನಮ್ಮ ಕೇಸಿಗೆ ಪೆಟ್ಟು ಬೀಳುತ್ತಾ?

2022ರ ಪಬ್ಲಿಕ್ ಚಾರ್ಜ್ (ಸರ್ಕಾರದ ಸಹಾಯವನ್ನೇ ನೆಚ್ಚಿಕೊಳ್ಳುವವರಾ ಅಂತ ಅಳೆಯುವ) ನಿಯಮ ನೋಡೋದು ಜೀವನ ನಡೆಸಲು ಸರ್ಕಾರ ಕೊಡುವ ನಗದು ಸಹಾಯದಂಥದನ್ನು. ಪೆಲ್ ಗ್ರಾಂಟ್ ಆ ಪಟ್ಟಿಯಲ್ಲಿ ಇಲ್ಲ. ಅದೂ ಅಲ್ಲದೆ ಅದು ಪ್ರಜೆಯಾದ ಮಗನಿಗೆ ಬರುವ ಹಣ, ನಿಮಗಲ್ಲ. ಆದರೆ ವಲಸೆ ನಿಯಮಗಳು ಬೇಗ ಬೇಗ ಬದಲಾಗುವ ಕಾಲ ಇದು. ಆಫೀಸಿನ ಅಟಾರ್ನಿಗೆ ಒಂದು ಸಾಲಿನ ಇಮೇಲ್ ಹಾಕಿ ಕೇಳೋಕೆ ಖರ್ಚೇನಿಲ್ಲ. ಮನೆಯಲ್ಲಿ ಯಾರಿಗಾದರೂ ವಲಸೆ ದಾಖಲೆಯೇ ಇಲ್ಲ ಅನ್ನೋ ಪರಿಸ್ಥಿತಿ ಇದ್ದರೆ ವಕೀಲರನ್ನು ಕೇಳದೆ ಅರ್ಜಿ ಹಾಕಬೇಡಿ. ಫ್ಯಾಫ್ಸಾ ವಿವರವನ್ನು ಸಹಾಯಧನದ ಕೆಲಸಕ್ಕೆ ಮಾತ್ರ ಬಳಸಬೇಕು ಅಂತ ಕಾನೂನಿದೆ. ಆದರೂ ಭಯ ಇದ್ದವರಿಗೆ ಆಪ್ಟ್-ಔಟ್ ಇರೋದೇ ಅದಕ್ಕೆ.

ಮಗ ಕಾಲೇಜಿಗೇ ಹೋಗಲ್ಲ ಅಂತಿದ್ದಾನೆ.

ಆಪ್ಟ್-ಔಟ್ ಮಾಡಬಹುದು. ಆದರೆ ನಾಲ್ಕು ವರ್ಷದ ಡಿಗ್ರಿಗೆ ಮಾತ್ರ ಈ ಹಣ ಅಂದುಕೊಂಡಿದ್ದರೆ ತಪ್ಪು. ಕಮ್ಯೂನಿಟಿ ಕಾಲೇಜಿಗೂ, ಮಾನ್ಯತೆ ಇರುವ ವೆಲ್ಡಿಂಗ್, ನರ್ಸಿಂಗ್, ವಾಹನ ರಿಪೇರಿಯಂಥ ಕೋರ್ಸುಗಳಿಗೂ ಸಿಗುತ್ತದೆ.

ನಾವು ವಾಪಸ್ ಬೆಂಗಳೂರಿಗೆ ಬಂದಿದ್ದೀವಿ. ಮಗಳಿಗೆ ಅಮೆರಿಕದ ಪಾಸ್‌ಪೋರ್ಟ್ ಇದೆ.

ಯಾವ ರಾಜ್ಯದ ಕಡ್ಡಾಯವೂ ನಿಮಗಿಲ್ಲ, ಆದರೆ ಅರ್ಜಿ ಹಾಕುವ ಹಕ್ಕು ಅವಳಿಗೆ ಪೂರ್ತಿ ಇದೆ. ಪಿಯುಸಿ ಬೆಂಗಳೂರಿನಲ್ಲೇ ಓದಿದ್ದರೂ ಸರಿ. ಅಮೆರಿಕದಲ್ಲಿ ತೆರಿಗೆ ಸಲ್ಲಿಸದ ಅಪ್ಪ-ಅಮ್ಮ ಭಾರತದ ಆದಾಯವನ್ನು ಡಾಲರ್‌ಗೆ ಪರಿವರ್ತಿಸಿ ಕೈಯಲ್ಲೇ ತುಂಬಬೇಕು. ರೂಪಾಯಿ ಸಂಬಳ ಡಾಲರ್‌ನಲ್ಲಿ ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ ಇಂಥ ಮಕ್ಕಳಿಗೆ ಪೆಲ್ ಗ್ರಾಂಟ್ ಸಿಗುವ ಅವಕಾಶ ನಿಜಕ್ಕೂ ಇದೆ. ಬೆಂಗಳೂರಿನ ಮನೆಯಲ್ಲಿ ನೀವೇ ವಾಸ ಇದ್ದರೆ ಅದು ಲೆಕ್ಕಕ್ಕಿಲ್ಲ. ಆದರೆ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಆಯಾ ರಾಜ್ಯದವರಿಗೆ ಇರುವ ಕಡಿಮೆ ಫೀಸು ಸಿಗೋದು ಕಷ್ಟ. ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಟೆಕ್ಸಸ್‌ನವಳು ಅಂತ ಆಗಲ್ಲ.

ಸಿಎಸ್‌ಎಸ್ ಪ್ರೊಫೈಲ್ ಅಂತ ಇನ್ನೊಂದು ಕೇಳ್ತಿದ್ದಾರೆ. ಅದೇನು?

ಕಾಲೇಜ್ ಬೋರ್ಡ್ ನಡೆಸುವ ಬೇರೆ ಅರ್ಜಿ. ಹೆಚ್ಚಾಗಿ ಖಾಸಗಿ ಕಾಲೇಜುಗಳು ಕೇಳುತ್ತವೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಆದಾಯ 1 ಲಕ್ಷ ಡಾಲರ್‌ವರೆಗಿನ ಮನೆಗಳಿಗೆ ಪುಕ್ಕಟೆ. ಇದು ಫ್ಯಾಫ್ಸಾಗಿಂತ ಆಳಕ್ಕೆ ಇಳಿಯುತ್ತದೆ, ವಾಸದ ಮನೆಯ ಬೆಲೆಯನ್ನೂ ಕೇಳುತ್ತದೆ. ರಾಜ್ಯದ ಕಡ್ಡಾಯಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕೊನೆಯ ದಿನ ಯಾವುದು?

ಒಂದಲ್ಲ, ಮೂರಿದೆ: ಕೇಂದ್ರದ್ದು, ರಾಜ್ಯದ್ದು, ಕಾಲೇಜಿನದ್ದು. ಕೇಂದ್ರದ್ದು ಜೂನ್ 30 ಅಂತ ಆರಾಮಾಗಿ ಕೂತರೆ ಉಳಿದೆರಡು ಕೈತಪ್ಪುತ್ತವೆ. ಕ್ಯಾಲಿಫೋರ್ನಿಯದ ಕ್ಯಾಲ್ ಗ್ರಾಂಟ್‌ಗೆ ಸಾಮಾನ್ಯವಾಗಿ ಮಾರ್ಚ್ 2, ಇಂಡಿಯಾನದಲ್ಲಿ ಏಪ್ರಿಲ್ 15. ಕೆಲವು ರಾಜ್ಯಗಳಲ್ಲಿ ಹಣ ಮುಗಿಯುವ ತನಕ ಮಾತ್ರ, ಮೊದಲು ಬಂದವರಿಗೆ ಮೊದಲು. ದೀಪಾವಳಿ ಗದ್ದಲ ಮುಗಿದ ಮೊದಲ ಭಾನುವಾರ ಕೂತುಬಿಡಿ. ಎಸ್‌ಎಸ್‌ಎನ್ ಕಾರ್ಡ್, ಬ್ಯಾಂಕ್ ಬ್ಯಾಲೆನ್ಸ್, ಹೂಡಿಕೆಯ ಲೆಕ್ಕ ಪಕ್ಕದಲ್ಲಿದ್ದರೆ ಒಂದು ಗಂಟೆಯ ಕೆಲಸ. ಒಂದೇ ಅರ್ಜಿಯಲ್ಲಿ 20 ಕಾಲೇಜುಗಳ ಹೆಸರು ಹಾಕಬಹುದು.

500 ಡಾಲರ್ ಕೊಟ್ಟರೆ ತುಂಬಿಕೊಡ್ತೀನಿ ಅಂತ ಒಬ್ಬರು ಹೇಳ್ತಿದ್ದಾರೆ.

ಬೇಡ. ಅರ್ಜಿಯ ಹೆಸರಲ್ಲೇ "ಉಚಿತ" ಅಂತ ಇದೆ. ತಾಣದ ವಿಳಾಸ ಡಾಟ್ ಗವ್ ಅಂತ ಮುಗಿಯದಿದ್ದರೆ, ಅಥವಾ ಕಾರ್ಡ್ ನಂಬರ್ ಕೇಳಿದರೆ, ಮುಚ್ಚಿಬಿಡಿ. ಖಾತೆಯ ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿ. ಮಗಳ ಖಾತೆಗೆ ಅಪ್ಪನೇ ಲಾಗಿನ್ ಆಗಿ ಸಹಿ ಮಾಡೋದೂ ತಪ್ಪೇ, ಅವಳೇ ಮಾಡಬೇಕು. ಶಾಲೆಗಳು ಸಂಜೆ ಹೊತ್ತು ಉಚಿತವಾಗಿ ತುಂಬಿಸಿಕೊಡುವ ಕಾರ್ಯಕ್ರಮ ಇಟ್ಟಿರುತ್ತವೆ. ಅಲ್ಲಿಗೆ ಹೋಗಿ.

ಒಂದು ಸಲ ಹಾಕಿದರೆ ನಾಲ್ಕು ವರ್ಷಕ್ಕೂ ಆಯ್ತಾ?

ಇಲ್ಲ, ಪ್ರತಿ ವರ್ಷ ಹಾಕಬೇಕು. ಎರಡನೇ ವರ್ಷದಿಂದ ಶಾಲೆಯ ಇಮೇಲ್ ಬರಲ್ಲ. ಕ್ಯಾಲೆಂಡರ್‌ನಲ್ಲಿ ಅಕ್ಟೋಬರ್ 1ಕ್ಕೆ ನೀವೇ ಗುರುತು ಹಾಕಿಕೊಳ್ಳಿ.